ಕೋಡ್ ಬರೆಯಲು ಬಾರದವರು ಕ್ಯೂಜಿಐಎಸ್ ಕೈಪಿಡಿಯನ್ನು ತಿದ್ದಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಹಾಸನದ ಭೂಗೋಳ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಹಾಸನದ ಪದವಿ ಕಾಲೇಜೊಂದರಲ್ಲಿ ಭೂಗೋಳಶಾಸ್ತ್ರವನ್ನು ಬೋಧಿಸುತ್ತಿದ್ದೇನೆ. ಐದು ವರ್ಷಗಳಿಂದ ಅಂತಿಮ ವರ್ಷದವರಿಗೆ ನಕ್ಷೆ ರಚಿಸುವುದನ್ನು ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶದಲ್ಲಿಯೇ ಕಲಿಸುತ್ತ ಬಂದಿದ್ದೇನೆ. ಪರವಾನಗಿಗೆ ದುಡ್ಡು ಕೊಡಬೇಕಾಗಿಲ್ಲ ಎಂಬುದು ಮೊದಮೊದಲು ಇದ್ದ ಕಾರಣ. ಈಗ ಅದರ ಮೇಲೆ ಅಭಿಮಾನವೇ ಬೆಳೆದಿದೆ. ಪಾಠಕ್ಕೆ ಆ ಯೋಜನೆಯವರೇ ಹೊರತಂದಿರುವ ತರಬೇತಿ ಕೈಪಿಡಿಯನ್ನು ಬಳಸುತ್ತೇವೆ. ಅದರ ಅಭ್ಯಾಸಗಳು ದಕ್ಷಿಣ ಆಫ್ರಿಕಾದ ಸ್ವೆಲೆಂಡಮ್ ಎಂಬ ಊರಿನ ಸುತ್ತ ನಡೆಯುತ್ತವೆ. ನಮ್ಮ ಹುಡುಗರಿಗೆ ಬೇಲೂರು ರಸ್ತೆಗಿಂತ ಸ್ವೆಲೆಂಡಮ್ಮಿನ ರಸ್ತೆಗಳೇ ಹೆಚ್ಚು ಪರಿಚಿತ ಎಂದು ಸ್ಟಾಫ್ ರೂಮಿನಲ್ಲಿ ನಗುವುದುಂಟು.

ಈ ವರ್ಷ ಆ ನಗೆ ಸ್ವಲ್ಪ ಕಹಿಯಾಯಿತು. ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಜಮೀನನ್ನು ಉಪಗ್ರಹ ಚಿತ್ರದ ಮೇಲೆ ಗುರುತಿಸಿ ವಿಸ್ತೀರ್ಣ ಲೆಕ್ಕ ಹಾಕಿ ತರಬೇಕೆಂದು ಹೇಳಿದ್ದೆ. ಆಲೂರಿನ ಕಡೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಶುಂಠಿ ಹೊಲವನ್ನು ಗುರುತಿಸಿದ. ಪಹಣಿಯ ಪ್ರಕಾರ ಅದು ಒಂದು ಎಕರೆ. ತಂತ್ರಾಂಶದಲ್ಲಿ ಅವನಿಗೆ ಬಂದದ್ದು ಸುಮಾರು ಎರಡೂಮುಕ್ಕಾಲು ಎಕರೆ. ಅದೇ ಊರಿನ ಅವನ ಗೆಳತಿ ಅದೇ ಹೊಲವನ್ನು, ಅದೇ ಗೆರೆಗಳನ್ನು ಬಳಸಿ ಲೆಕ್ಕ ಹಾಕಿದರೆ ಸರಿಯಾಗಿ ಒಂದು ಎಕರೆ ಬಂತು. ಇಬ್ಬರೂ ಜಗಳವಾಡುತ್ತ ನನ್ನ ಬಳಿ ಬಂದರು. ನನಗೂ ಒಂದು ಇಡೀ ಸಂಜೆ ಹಿಡಿಯಿತು. ಕೊನೆಗೆ ತಿಳಿದದ್ದೇನೆಂದರೆ, ಅವನು ಕೈಪಿಡಿಯ ಅಭ್ಯಾಸದಲ್ಲಿದ್ದ ಯುಟಿಎಂ 34 ದಕ್ಷಿಣ ಎಂಬ ನಕ್ಷೆಯ ವಲಯವನ್ನೇ (ಸ್ವೆಲೆಂಡಮ್ ಇರುವ ಭಾಗದ್ದು) ತನ್ನ ಹೊಲಕ್ಕೂ ಆರಿಸಿಕೊಂಡಿದ್ದ. ಅವಳೂ ಅದನ್ನೇ ಆರಿಸಿದ್ದಳು, ಆದರೆ ಡಾಲರ್ ಗುರುತಿನ ಏರಿಯಾ ಎಂಬ ಸೂತ್ರವನ್ನು ಬಳಸಿದ್ದಳು. ಅವನು ಡಾಲರ್ ಗುರುತಿಲ್ಲದ ಏರಿಯಾವನ್ನು ಬಳಸಿದ್ದ.

ಈ ಎರಡು ಸೂತ್ರಗಳ ವ್ಯತ್ಯಾಸವನ್ನು ದಾಖಲೆಗಳಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ ಎಂಬುದನ್ನು ಆಮೇಲೆ ಕಂಡೆ. ಆದರೆ ನನ್ನ ತರಗತಿಯ 38 ಜನರಲ್ಲಿ ಒಬ್ಬರೂ ಆ ಪುಟದವರೆಗೆ ಹೋಗಿರಲಿಲ್ಲ, ನಾನೂ ಹೋಗಿರಲಿಲ್ಲ. ಇಂಥ ಜಾಗಗಳನ್ನು ಸರಿಪಡಿಸಲು ನನ್ನಿಂದ ಏನಾದರೂ ಆದೀತೇ ಎಂಬ ಆಸೆ ಅಂದು ಹುಟ್ಟಿತು.

ನನಗೆ ಪ್ರೋಗ್ರಾಮಿಂಗ್ ಬಾರದು. ನನ್ನ ಇಂಗ್ಲಿಷ್ ಪಠ್ಯಪುಸ್ತಕದ ಇಂಗ್ಲಿಷ್. ಹಿಂದೊಮ್ಮೆ ಬೇರೊಂದು ಚಿಕ್ಕ ಮುಕ್ತ ಯೋಜನೆಗೆ ಎರಡು ಪುಟಗಳ ತಿದ್ದುಪಡಿಯನ್ನು ಕಳುಹಿಸಿ, ಏಳು ತಿಂಗಳು ಕಾದು, ಒಂದು ಸಾಲಿನ ಉತ್ತರವೂ ಬಾರದೆ ಕೈಬಿಟ್ಟಿದ್ದೇನೆ. ಆದ್ದರಿಂದ ಅಳುಕು ಇದೆ. ಇದನ್ನು ವಿದ್ಯಾರ್ಥಿಗಳಿಗೆ ಅಂಕಗಳಿರುವ ಕೆಲಸವಾಗಿ ಕೊಟ್ಟು, ಪ್ರತಿಯೊಬ್ಬರಿಂದಲೂ ಒಂದೊಂದು ತಿದ್ದುಪಡಿ ಮಾಡಿಸಿದರೆ ಹೇಗೆ ಎಂಬ ಯೋಚನೆಯೂ ಇದೆ. ಇಂಗ್ಲಿಷ್ ಮೂಲವನ್ನು ತಿದ್ದುವುದು ಮೊದಲೋ, ಕನ್ನಡದಲ್ಲಿ ಬರೆಯುವುದು ಮೊದಲೋ ಎಂಬುದೂ ತಿಳಿಯುತ್ತಿಲ್ಲ. ಅನುಭವವುಳ್ಳವರು ದಾರಿ ತೋರಿಸಬೇಕೆಂದು ವಿನಂತಿ.


ಉತ್ತರ 1: ಚಿಕ್ಕಮಗಳೂರಿನಿಂದ, ಹಳೆಯ ದಾಖಲೆಗಾರ

ಮೇಡಂ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಮೇಲೆ ಬಿಡುವಿದ್ದಾಗಲೆಲ್ಲ ಒಂದೆರಡು ಮುಕ್ತ ಯೋಜನೆಗಳ ದಾಖಲೆಗಳಲ್ಲಿ ಕೈಯಾಡಿಸುತ್ತ ಬಂದವನು ನಾನು. ನಿಮ್ಮ ಪತ್ರದಲ್ಲಿ ಅತ್ಯಂತ ಬೆಲೆಬಾಳುವ ಸಂಗತಿ ಆ ಎರಡೂಮುಕ್ಕಾಲು ಎಕರೆ. ಅದನ್ನು ಕಳೆದುಕೊಳ್ಳಬೇಡಿ.

ಅದು ಹೇಗೆ ಬಂತೆಂಬುದನ್ನು ಮೊದಲು ನೋಡೋಣ, ಏಕೆಂದರೆ ನೀವು ಮುಂದೆ ಬರೆಯಬೇಕಾದ ತಿದ್ದುಪಡಿಯ ತಿರುಳು ಅಲ್ಲಿಯೇ ಇದೆ. ಯುಟಿಎಂ ಪದ್ಧತಿಯಲ್ಲಿ ಭೂಗೋಳವನ್ನು ತಲಾ 6 ಡಿಗ್ರಿ ಅಗಲದ 60 ವಲಯಗಳಾಗಿ ಸೀಳಿದ್ದಾರೆ. ಸ್ವೆಲೆಂಡಮ್ ಇರುವ 34ನೆಯ ವಲಯ ಪೂರ್ವ ರೇಖಾಂಶ 18ರಿಂದ 24 ಡಿಗ್ರಿಯವರೆಗಿನದು; ಹಾಸನವೂ ಚಿಕ್ಕಮಗಳೂರೂ 72ರಿಂದ 78ರವರೆಗಿನ 43 ಉತ್ತರ ವಲಯದಲ್ಲಿವೆ. ಒಂದು ವಲಯದ ನಡುಗೆರೆಯಿಂದ ದೂರ ಸರಿದಷ್ಟೂ ಆ ಪ್ರಕ್ಷೇಪದಲ್ಲಿ, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ಕ್ರಮದಲ್ಲಿ, ನೆಲ ಹಿಗ್ಗುತ್ತ ಹೋಗುತ್ತದೆ. ಹಾಸನವು 34ನೆಯ ವಲಯದ ನಡುಗೆರೆಯಿಂದ 55 ಡಿಗ್ರಿ ಆಚೆಗಿರುವುದರಿಂದ ಉದ್ದ ಸುಮಾರು 1.66 ಪಟ್ಟು ಹಿಗ್ಗುತ್ತದೆ, ಅದರ ವರ್ಗವೇ ನಿಮ್ಮ ಹುಡುಗನ ಎರಡೂಮುಕ್ಕಾಲು. ಡಾಲರ್ ಗುರುತಿಲ್ಲದ ಏರಿಯಾ ಈ ಹಿಗ್ಗಿದ ಕಾಗದದ ಮೇಲೆಯೇ ಅಳೆಯುತ್ತದೆ. ಡಾಲರ್ ಗುರುತಿನದು ಪ್ರಾಜೆಕ್ಟಿನಲ್ಲಿ ಆರಿಸಿರುವ ದೀರ್ಘವೃತ್ತಾಭದ, ಅಂದರೆ ಭೂಮಿಯ ದುಂಡು ಆಕಾರದ ಮಾದರಿಯ, ಮೇಲೆ ಅಳೆಯುವುದರಿಂದ ವಲಯ ತಪ್ಪಾದರೂ ಉತ್ತರ ಕೆಡುವುದಿಲ್ಲ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರವಿರುವ ಊರಿನಲ್ಲಿ ಕುಳಿತು ಶುಂಠಿ ಹೊಲವನ್ನು ಆಫ್ರಿಕಾದ ವಲಯದಲ್ಲಿ ಅಳೆದರೆಂದು ನಗಬೇಡಿ, ಸಂಬಳ ಪಡೆಯುವ ಎಂಜಿನಿಯರುಗಳೂ ಈ ಹೊಂಡದಲ್ಲಿ ಬಿದ್ದಿದ್ದನ್ನು ನೋಡಿದ್ದೇನೆ.

ಈಗ ಮುಖ್ಯ ಮಾತು. ಆ ವ್ಯತ್ಯಾಸ ದಾಖಲೆಗಳಲ್ಲಿ ಇದೆ ಎಂದು ನೀವೇ ಹೇಳಿದ್ದೀರಿ. ಇದೆ, ಆದರೆ ಸೂತ್ರಗಳ ಆಕರ ಪುಟದಲ್ಲಿದೆ. ನಿಮ್ಮ ವಿದ್ಯಾರ್ಥಿ ನಿಂತಿದ್ದದ್ದು ಪಾಠದ ಪುಟದಲ್ಲಿ. ದಾಖಲೆ ಬರೆಯುವವರಲ್ಲಿ ಪ್ರಚಲಿತವಾಗಿರುವ ಡಯಾಟ್ಯಾಕ್ಸಿಸ್ ಎಂಬ ವಿಂಗಡಣೆಯು ದಾಖಲೆಗಳನ್ನು ಪಾಠ, ಕೆಲಸದ ಮಾರ್ಗದರ್ಶಿ, ಆಕರ, ವಿವರಣೆ ಎಂದು ನಾಲ್ಕಾಗಿ ನೋಡುತ್ತದೆ. ಕಲಿಯುವವನು ಆಕರ ಗ್ರಂಥವನ್ನು ಓದುವುದಿಲ್ಲ, ಹೊಸದಾಗಿ ಅಡುಗೆ ಕಲಿಯುವವನು ನಿಘಂಟಿನಲ್ಲಿ ಉಪ್ಪಿನ ಅರ್ಥವನ್ನು ಹುಡುಕದ ಹಾಗೆ. ಹೀಗಾಗಿ ಕೈಪಿಡಿಗೆ ಬೇಕಾಗಿರುವುದು ಹೊಸ ಅಧ್ಯಾಯವಲ್ಲ. ಸ್ವಂತ ಊರಿನ ದತ್ತಾಂಶದ ಮೇಲೆ ಈ ಅಭ್ಯಾಸವನ್ನು ಮಾಡುವವರು ತಮ್ಮ ವಲಯವನ್ನು ತಾವೇ ಕಂಡುಕೊಳ್ಳಬೇಕು ಎಂಬ ಎರಡು ಸಾಲು, ಜೊತೆಗೆ ಆಕರ ಪುಟಕ್ಕೊಂದು ಕೊಂಡಿ, ಅದೂ ವಿದ್ಯಾರ್ಥಿ ಎಡವಿದ ಸ್ಥಳದಲ್ಲಿಯೇ. ಎಲ್ಲಿ ಎಡವಿದರೆಂಬುದು ಬರೆದ ಪರಿಣತರಿಗೆ ಎಂದಿಗೂ ಕಾಣುವುದಿಲ್ಲ, ಏಕೆಂದರೆ ಅವರು ಎಡವುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿರುತ್ತವೆ. ನಿಮ್ಮಲ್ಲಿ ಎಡವುವವರು 38 ಜನರಿದ್ದಾರೆ. ಯಾವ ದಾಖಲೆ ತಂಡಕ್ಕೂ ಇಂಥ ಸಂಪತ್ತು ಸುಲಭಕ್ಕೆ ಸಿಗುವುದಿಲ್ಲ.

ಏನನ್ನಾದರೂ ಬರೆಯುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಕಾಲೇಜಿನಲ್ಲಿರುವುದು ಯಾವ ಆವೃತ್ತಿಯ ಕೈಪಿಡಿ, ಕಂಪ್ಯೂಟರಿನಲ್ಲಿರುವುದು ಯಾವ ಆವೃತ್ತಿಯ ತಂತ್ರಾಂಶ? ಈ ತಂತ್ರಾಂಶ ವರ್ಷಕ್ಕೆ ಮೂರು ಬಾರಿ, ನಾಲ್ಕು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಅವುಗಳಲ್ಲಿ ವರ್ಷಕ್ಕೊಂದನ್ನು ದೀರ್ಘಾವಧಿ ಬೆಂಬಲದ ಆವೃತ್ತಿ ಎಂದು ಇಟ್ಟುಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ಜೆರಾಕ್ಸ್ ಮಾಡಿಸಿದ ಪ್ರತಿಯನ್ನು ಇಂದಿನ ತಂತ್ರಾಂಶದ ಪಕ್ಕದಲ್ಲಿಟ್ಟುಕೊಂಡು ಮೆನು ಹೊಂದುತ್ತಿಲ್ಲ ಎಂದು ದೂರುವವರು ಬಹಳ. ಜಾಲತಾಣದಲ್ಲಿ ಟೆಸ್ಟಿಂಗ್ ಎಂಬ ಹೆಸರಿನ ದಾಖಲೆ ಇದೆ, ಅದೇ ಇತ್ತೀಚಿನದು. ನಿಮ್ಮ ತಪ್ಪು ಅಲ್ಲಿಯೂ ಇದ್ದರೆ ಮಾತ್ರ ಅದು ತಪ್ಪು.

ಇದ್ದರೆ, ಎರಡು ದಾರಿಗಳಿವೆ. ಮೊದಲನೆಯದು ಕಡತಗಳನ್ನು ಜೊತೆಗೂಡಿ ತಿದ್ದುವ ತಾಣವಾದ ಗಿಟ್‌ಹಬ್‌ನಲ್ಲಿರುವ ದಾಖಲೆಗಳ ರೆಪಾಸಿಟರಿಯಲ್ಲಿ (ಕಡತಗಳ ಭಂಡಾರದಲ್ಲಿ) ಇಶ್ಯೂ, ಅಂದರೆ ತೊಂದರೆಯನ್ನು ತಿಳಿಸುವ ಟಿಪ್ಪಣಿ, ತೆರೆಯುವುದು: ಯಾವ ಪುಟ, ಯಾವ ಹೆಜ್ಜೆ, ಓದುಗ ಏನು ಮಾಡಿದ, ಏನು ಬರಬೇಕಿತ್ತು, ಏನು ಬಂತು. ಇಷ್ಟನ್ನು ಬರೆಯಲು ಪಠ್ಯಪುಸ್ತಕದ ಇಂಗ್ಲಿಷ್ ಧಾರಾಳವಾಗಿ ಸಾಕು, ಚಿಕ್ಕ ವಾಕ್ಯಗಳೇ ಅಲ್ಲಿ ಹೆಚ್ಚು ಪ್ರಿಯ. ಎರಡನೆಯದು ನೀವೇ ತಿದ್ದಿ ಪುಲ್ ರಿಕ್ವೆಸ್ಟ್, ಅಂದರೆ ಈ ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳುಹಿಸುವುದು. ತಿದ್ದುಪಡಿಗಳ ಲೆಕ್ಕವಿಡುವ ಗಿಟ್ ಎಂಬ ಸಾಧನವೆಂದರೆ ಹೆದರಬೇಡಿ. ಒಂದು ಖಾತೆಯಿದ್ದರೆ ಬ್ರೌಸರಿನಲ್ಲಿಯೇ ಪೆನ್ಸಿಲ್ ಗುರುತನ್ನು ಒತ್ತಿ ತಿದ್ದಬಹುದು, ನಿಮ್ಮ ಹೆಸರಿನಲ್ಲೊಂದು ಪ್ರತಿಯನ್ನು ಅದೇ ಮಾಡಿಕೊಳ್ಳುತ್ತದೆ. ಪುಟಗಳು ರಿಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಬರವಣಿಗೆಯಲ್ಲಿವೆ, ಅವುಗಳಿಂದ ಸ್ಫಿಂಕ್ಸ್ ಎಂಬ ಸಾಧನವು ಜಾಲಪುಟಗಳನ್ನು ಕಟ್ಟುತ್ತದೆ. ಮೆನುವಿನ ಹೆಸರಿಗೆ ಒಂದು ಗುರುತು, ಗುಂಡಿಯ ಹೆಸರಿಗೆ ಇನ್ನೊಂದು, ಕೀಲಿಗೆ ಮತ್ತೊಂದು ಇರುತ್ತವೆ. ಅಕ್ಕಪಕ್ಕದ ಸಾಲಿನಲ್ಲಿ ಹೇಗಿದೆಯೋ ಹಾಗೆಯೇ ಬರೆದರೆ ಮುಗಿಯಿತು. ತಪ್ಪಿದರೆ ಸ್ವಯಂಚಾಲಿತ ಪರೀಕ್ಷೆ ಕೆಂಪು ತೋರಿಸುತ್ತದೆ, ಪರಿಶೀಲಿಸುವವರು ತಿಳಿಸುತ್ತಾರೆ.

ಒಂದು ಬಲೆಯ ಬಗ್ಗೆ ಎಚ್ಚರಿಕೆ, ನಾನು ಅದರಲ್ಲಿ ಸಿಕ್ಕಿಕೊಂಡಿದ್ದೇನೆ. ಸೂತ್ರಗಳ ಆಕರ ಪುಟಗಳನ್ನು ಆ ರೆಪಾಸಿಟರಿಯಲ್ಲಿ ತಿದ್ದಿ ಪ್ರಯೋಜನವಿಲ್ಲ. ಅವು ತಂತ್ರಾಂಶದ ಮೂಲ ಕೋಡಿನ ಜೊತೆಗಿರುವ ಜೇಸನ್ ಎಂಬ ಮಾದರಿಯ ಕಡತಗಳಿಂದ ತಾವಾಗಿಯೇ ಹುಟ್ಟುತ್ತವೆ. ಇಲ್ಲಿ ತಿದ್ದಿದ್ದು ಮುಂದಿನ ಬಾರಿ ಅಳಿಸಿಹೋಗುತ್ತದೆ. ನಾಲ್ಕು ಸೂತ್ರಗಳ ವಿವರಣೆಯನ್ನು ರಾತ್ರಿಯೆಲ್ಲ ಕುಳಿತು ಚೆಂದಗೊಳಿಸಿ ಕಳುಹಿಸಿದ ಮೇಲೆ ಈ ಜ್ಞಾನೋದಯ ನನಗಾಯಿತು. ಪುಟದ ನೆತ್ತಿಯಲ್ಲಿಯೇ ಎಚ್ಚರಿಕೆ ಬರೆದಿತ್ತು. ದಾಖಲೆಗಾರರೂ ದಾಖಲೆಯನ್ನು ಓದುವುದಿಲ್ಲ.

ಅಂಕಗಳ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. 2014ರಿಂದ ಪ್ರತಿ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಉತ್ಸವ ನಡೆಯುತ್ತದೆ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಅದರ ಆಸೆಗೆ ಸಾವಿರಾರು ಜನ ಯಾವುದೋ ಯೋಜನೆಯ ಮೊದಲ ಪುಟಕ್ಕೆ ಹೊಗಳಿಕೆಯ ಒಂದು ಪದ ಸೇರಿಸಿ ಕಳುಹಿಸತೊಡಗಿದರು. ತಿರಸ್ಕರಿಸುವುದೇ ನಿರ್ವಾಹಕರ ಕೆಲಸವಾಗಿ, ಉತ್ಸವದ ನಡುವೆಯೇ ನಿಯಮ ಬದಲಾಯಿಸಿ, ಒಪ್ಪಿಕೊಂಡ ಯೋಜನೆಗಳಿಗೆ ಮಾತ್ರ ಲೆಕ್ಕ ಎಂದು ಮಾಡಬೇಕಾಯಿತು. ಟೀ ಶರ್ಟಿಗೇ ಹಾಗಾದರೆ ಇಂಟರ್ನಲ್ ಮಾರ್ಕ್ಸಿಗೆ ಏನಾದೀತು, ನೀವೇ ಊಹಿಸಿ. ಬದಲಿಗೆ ಮಕ್ಕಳಿಗೆ ಒಂದೊಂದು ಪಾಠವನ್ನು ಹಂಚಿ, ಎಲ್ಲೆಲ್ಲಿ ನಿಂತರು ಎಂಬುದನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ. ಸೋಸಿ ಕಳುಹಿಸುವ ಕೆಲಸ ನಿಮ್ಮದಾಗಲಿ. ಎಐ ಯಂತ್ರದಿಂದ ಬರೆಸಿಕೊಂಡು ಬಂದವರ ಟಿಪ್ಪಣಿಯನ್ನು ಗುರುತಿಸುವುದು ಸುಲಭ: ಅದರಲ್ಲಿ ಇಲ್ಲದ ಮೆನು ಇರುತ್ತದೆ, ಎಡವಿದ ಗುರುತು ಮಾತ್ರ ಇರುವುದಿಲ್ಲ.

ಏಳು ತಿಂಗಳ ಮೌನದ ಬಗ್ಗೆ: ಕೆಲಸಕ್ಕೆ ಇಳಿಯುವ ಮೊದಲು ಕಳೆದ ಒಂದೆರಡು ತಿಂಗಳಲ್ಲಿ ಹೊರಗಿನವರ ತಿದ್ದುಪಡಿಗಳು ಅಲ್ಲಿ ಸೇರಿವೆಯೇ ಎಂದು ನೋಡಬೇಕು. ಸೇರಿಲ್ಲದಿದ್ದರೆ ಆ ಮನೆಯಲ್ಲಿ ದೀಪವಿಲ್ಲ ಎಂದು ತಿಳಿದು ಮುಂದೆ ಹೋಗುವುದು. ಕ್ಯೂಜಿಐಎಸ್‌ನಲ್ಲಿ ಮನೆಯವರಿದ್ದಾರೆ, ಆದರೆ ಕೆಲಸವೂ ರಾಶಿಯಿದೆ. ತಂತ್ರಾಂಶಕ್ಕೆ ಸೇರುವ ಹೊಸ ಸೌಲಭ್ಯಕ್ಕೆ ದಾಖಲೆ ಬೇಕು ಎಂಬ ಗುರುತು ಹಚ್ಚಿದ್ದರೆ, ಅದು ಸೇರಿದೊಡನೆ ದಾಖಲೆಗಳ ರೆಪಾಸಿಟರಿಯಲ್ಲಿ ತಾನಾಗಿಯೇ ಒಂದು ಇಶ್ಯೂ ತೆರೆದುಕೊಳ್ಳುತ್ತದೆ. ಹಾಗಾಗಿ ಎರಡು ಮೂರು ವಾರ ಕಾಯುವ ತಾಳ್ಮೆ ಇರಲಿ.


ಉತ್ತರ 2: ಮೂಡಿಗೆರೆ ಕಡೆಯ ಬೆಳೆಗಾರ

ಮೇಲಿನವರ ಮಾತೆಲ್ಲ ತಿಳಿವಳಿಕೆಯದೇ, ಆದರೆ ನನಗೊಂದು ತಕರಾರಿದೆ. ಇಂಗ್ಲಿಷ್ ಕೈಪಿಡಿಯಲ್ಲಿ ಎರಡು ಸಾಲು ಸೇರಿಸಿದರೆ ನನಗೇನು ಬಂತು? ನಾನು ಕಾಫಿ ಬೆಳೆಗಾರ, ಓದಿದ್ದು ಪಿಯುಸಿಯವರೆಗೆ. ಹಳೆಯ ಗಿಡ ಕಿತ್ತು ಹೊಸ ಗಿಡ ಹಾಕಬೇಕಾದ ತಾಕನ್ನು ಅಳೆಯಬೇಕೆಂದು ಮಗಳು ಈ ತಂತ್ರಾಂಶವನ್ನು ಹಾಕಿಕೊಟ್ಟು ಹೋದಳು. ಇಂಗ್ಲಿಷಿನ ನೂರಾರು ಪುಟಗಳ ಕೈಪಿಡಿಯಲ್ಲಿ ನನಗೆ ಬೇಕಾದ ಎರಡು ಪುಟ ಯಾವುವೆಂದು ಹುಡುಕುವುದರಲ್ಲಿಯೇ ಸುಸ್ತಾಯಿತು. ಆಷಾಢದಲ್ಲಿ ಮಳೆ ಹಿಡಿದರೆ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಜಾಲತಾಣದಲ್ಲಿ ಎಷ್ಟು ಕೊಂಡಿ ಕೊಟ್ಟರೂ ಅವು ನನ್ನ ಪಾಲಿಗೆ ಇಲ್ಲದ ಹಾಗೆಯೇ. ಕಾಗದದ ಮೇಲೆ ಅಚ್ಚು ಹಾಕಿ ಗೋಡೆಗೆ ಅಂಟಿಸುವಂಥದ್ದು ಬೇಕು.

ಇನ್ನೊಂದು ವಿಚಾರ. ಆ ತಂತ್ರಾಂಶ ಹೆಕ್ಟೇರು ಹೇಳುತ್ತದೆ, ಎಕರೆಯನ್ನು ದಶಾಂಶದಲ್ಲಿ ಹೇಳುತ್ತದೆ. ನಮ್ಮ ಪಹಣಿಯಲ್ಲಿರುವುದು ಎಕರೆ ಮತ್ತು ಗುಂಟೆ. 2.35 ಎಕರೆ ಎಂದರೆ ಎರಡು ಎಕರೆ ಮೂವತ್ತೈದು ಗುಂಟೆ ಎಂದು ನಮ್ಮ ರೈಟರು ಬರೆದುಕೊಂಡುಬಿಟ್ಟಿದ್ದ. ಅದು ಎರಡು ಎಕರೆ ಹದಿನಾಲ್ಕು ಗುಂಟೆ. ಈ ತಪ್ಪನ್ನು ಯಾವ ದೇಶದ ಕೈಪಿಡಿ ತಿದ್ದುತ್ತದೆ?


ಉತ್ತರ 3: ಕಡೂರಿನ ಅನುವಾದಕ

ಬೆಳೆಗಾರರ ತಕರಾರು ನ್ಯಾಯವಾದದ್ದು; ಹಳೆಯ ದಾಖಲೆಗಾರರ ಸಲಹೆಯೂ ಸರಿಯಾದದ್ದು. ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಬರಹಗಳ ಬಗ್ಗೆ, ಅವೆರಡನ್ನೂ ಕನ್ನಡಕ್ಕೆ ತರುವುದು ಎಂಬ ಒಂದೇ ಮೂಟೆಯಲ್ಲಿ ಕಟ್ಟುವುದರಿಂದ ಗೊಂದಲವಾಗುತ್ತದೆ. ನಾನು ಹಲವು ವರ್ಷಗಳಿಂದ ತಂತ್ರಾಂಶಗಳ ಕನ್ನಡ ಅನುವಾದದಲ್ಲಿ ತೊಡಗಿದ್ದೇನೆ, ಹೆಚ್ಚಾಗಿ ಲಿಬ್ರೆ ಆಫೀಸಿನಲ್ಲಿ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಕ್ಯೂಜಿಐಎಸ್ ದಾಖಲೆಗಳ ಅನುವಾದ ಟ್ರಾನ್ಸಿಫೆಕ್ಸ್ ಎಂಬ ತಾಣದಲ್ಲಿ ಪ್ಯಾರಾ ಪ್ಯಾರಾವಾಗಿ ನಡೆಯುತ್ತದೆ. ಇಂಗ್ಲಿಷಿನ ಒಂದು ಪ್ಯಾರಾಕ್ಕೆ ಅನುವಾದದ ಒಂದು ಪ್ಯಾರಾ ಗಂಟು ಹಾಕಿಕೊಂಡಿರುತ್ತದೆ. ಮೂಲದ ಪ್ಯಾರಾದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗಂಟು ಬಿಚ್ಚಿಕೊಳ್ಳುತ್ತದೆ. ಆ ಪ್ಯಾರಾವನ್ನು ಎಲ್ಲ ಭಾಷೆಗಳವರೂ ಮತ್ತೆ ನೋಡಬೇಕಾಗುತ್ತದೆ. ಆದ್ದರಿಂದ ಮೂಲದಲ್ಲಿ ತಪ್ಪಿದ್ದರೆ ಮೊದಲು ಅದನ್ನೇ ತಿದ್ದಬೇಕು. ತಪ್ಪನ್ನು ಕನ್ನಡಿಸಿ ಆಮೇಲೆ ಮೂಲವನ್ನು ತಿದ್ದಿದರೆ ಎರಡು ಪಟ್ಟು ಕೆಲಸ. ಇದರಿಂದಲೇ ಇನ್ನೊಂದು ನಿಯಮವೂ ಹುಟ್ಟುತ್ತದೆ: ಅರ್ಥ ಕೆಡದಿರುವಾಗ ಬರೀ ಶೈಲಿಯ ಅಂದಕ್ಕಾಗಿ ಮೂಲವನ್ನು ಮುಟ್ಟಬಾರದು. ಹಾಸನದಲ್ಲಿ ಕುಳಿತು ಒಂದು ವಾಕ್ಯವನ್ನು ಚಂದಗಾಣಿಸಿದರೆ ಜಪಾನೀ ಅನುವಾದಕನೊಬ್ಬನ ಭಾನುವಾರ ಹಾಳಾಗುತ್ತದೆ. ಮೇಡಂ ಅವರ ಎರಡು ಸಾಲು ಅಂಥದ್ದಲ್ಲ. ಅದನ್ನು ಪ್ರತ್ಯೇಕ ಪ್ಯಾರಾ ಆಗಿ ಸೇರಿಸಿದರೆ ಹಳೆಯ ಯಾವ ಗಂಟನ್ನೂ ಬಿಚ್ಚುವುದಿಲ್ಲ.

ಕನ್ನಡದಲ್ಲಿ ಬರೆಯುವಾಗ ಎದುರಾಗುವ ದೊಡ್ಡ ಕಷ್ಟ ಪಾರಿಭಾಷಿಕ ಪದಗಳದ್ದಲ್ಲ. ಓದುಗನ ತೆರೆಯ ಮೇಲೆ ಏನಿದೆಯೋ ಅದೇ ಕೈಪಿಡಿಯಲ್ಲಿಯೂ ಇರಬೇಕೆಂಬುದು ನಿಜವಾದ ಕಷ್ಟ. ಲೇಯರ್ ಎಂಬುದಕ್ಕೆ ಪದರ ಎಂದು ಬರೆಯುವುದು ಸುಲಭ, ಕಿವಿಗೂ ಹಿತ. ಆದರೆ ಬೆಳೆಗಾರರ ಕಂಪ್ಯೂಟರಿನಲ್ಲಿ ಮೆನು ಇಂಗ್ಲಿಷಿನಲ್ಲಿದ್ದರೆ ಅವರು ಪದರ ಎಂಬ ಗುಂಡಿಯನ್ನು ಸಂಜೆಯವರೆಗೆ ಹುಡುಕುತ್ತಾರೆ. ಹೀಗಾಗಿ ನನ್ನ ಪದ್ಧತಿ ಇದು: ಒತ್ತಬೇಕಾದ ಗುಂಡಿಯ ಹೆಸರು ತೆರೆಯ ಮೇಲೆ ಇರುವ ಹಾಗೆಯೇ, ವಿವರಣೆ ಮಾತ್ರ ಕನ್ನಡದಲ್ಲಿ. ಶುದ್ಧ ಕನ್ನಡದವರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಆದರೆ ಮೆನುವೇ ಕನ್ನಡವಾಗದೆ ಕೈಪಿಡಿ ಮಾತ್ರ ಕನ್ನಡವಾದರೆ ಅದು ಓದಲು ಚೆನ್ನಾಗಿರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಗುಂಟೆಯ ವಿಷಯಕ್ಕೆ ಬಂದರೆ, ಅದು ಅನುವಾದದಿಂದ ಬರುವಂಥದ್ದೇ ಅಲ್ಲ. ಮೂಲದಲ್ಲಿ ಗುಂಟೆ ಇಲ್ಲ, ಇರಬೇಕಾಗಿಯೂ ಇಲ್ಲ. ಬಳಕೆದಾರರ ಕೈಪಿಡಿಯ ಮಾದರಿ ದತ್ತಾಂಶ ಅಲಾಸ್ಕಾದ್ದು. 2002ರಲ್ಲಿ ಈ ತಂತ್ರಾಂಶವನ್ನು ಆರಂಭಿಸಿದ ಗ್ಯಾರಿ ಶೆರ್ಮನ್ ಅಲಾಸ್ಕಾದಲ್ಲಿದ್ದವರು. ಅವರು ತಮ್ಮ ಕಾಲಡಿಯ ನೆಲದಿಂದ ಬರೆದರು, ನಾವು ನಮ್ಮದರಿಂದ ಬರೆಯಬೇಕು. ಜಮೀನಿನ ವಿಸ್ತೀರ್ಣವನ್ನು ಎಕರೆ ಗುಂಟೆಯಲ್ಲಿ ಕಂಡುಹಿಡಿಯುವುದು ಎಂಬ ಒಂದೇ ಕೆಲಸಕ್ಕೆ ಎರಡು ಪುಟಗಳ ಕನ್ನಡ ಮಾರ್ಗದರ್ಶಿಯನ್ನು ಮೇಡಂ ಸ್ವತಂತ್ರವಾಗಿಯೇ ಬರೆಯಲಿ. ಚದರ ಮೀಟರನ್ನು 101.17ರಿಂದ ಭಾಗಿಸಿದರೆ ಗುಂಟೆ, 40 ಗುಂಟೆಗೆ ಒಂದು ಎಕರೆ. ತಲೆಬರಹದ ಕೆಳಗೆ ತಂತ್ರಾಂಶದ ಆವೃತ್ತಿಯನ್ನೂ ಬರೆದ ತಿಂಗಳನ್ನೂ ನಮೂದಿಸಲೇಬೇಕು, ಏಕೆಂದರೆ ದಿನಾಂಕವಿಲ್ಲದ ಮಾರ್ಗದರ್ಶಿ ಹಳೆಯದಾದದ್ದು ಯಾರಿಗೂ ತಿಳಿಯುವುದಿಲ್ಲ. ಕೈಪಿಡಿಯ ಚಿತ್ರವನ್ನೋ ಪಠ್ಯವನ್ನೋ ಎತ್ತಿಕೊಂಡರೆ ಅದರ ಪರವಾನಗಿಯನ್ನು ಓದಿ, ಮೂಲವನ್ನು ಹೆಸರಿಸುವುದು ಕರ್ತವ್ಯ.

ನೆಟ್‌ವರ್ಕ್ ಇಲ್ಲದವರಿಗೆ ಒಂದು ಮಾತು: ಅಧಿಕೃತ ದಾಖಲೆಗಳನ್ನು ಪಿಡಿಎಫ್ ರೂಪದಲ್ಲಿಯೂ ಇಳಿಸಿಕೊಳ್ಳಬಹುದು. ಮಳೆಗಾಲಕ್ಕೆ ಸೌದೆ ಕೂಡಿಡುವಾಗ ಅದನ್ನೂ ಕೂಡಿಟ್ಟುಕೊಳ್ಳಿ.


ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ: ಹಾಸನದ ಭೂಗೋಳ ಉಪನ್ಯಾಸಕಿ

ಮೂವರಿಗೂ ಕೃತಜ್ಞತೆಗಳು. ಆದದ್ದನ್ನು ವರದಿ ಮಾಡುತ್ತೇನೆ.

ಮೊದಲು ಒಂದು ತಪ್ಪೊಪ್ಪಿಗೆ. ನಮ್ಮ ಜೆರಾಕ್ಸ್ ಪ್ರತಿ ನಿಜಕ್ಕೂ ಹಳೆಯದಾಗಿತ್ತು. ಮೆನು ಹೊಂದುತ್ತಿಲ್ಲ ಎಂದು ನಾನು ವರ್ಷಗಳಿಂದ ಗೊಣಗುತ್ತಿದ್ದುದರಲ್ಲಿ ಬಹುಪಾಲು ನಮ್ಮದೇ ಅಲಕ್ಷ್ಯದ ಫಲ. ಅಂಕಗಳನ್ನು ಕೈಬಿಟ್ಟು, ಪಾಠಗಳನ್ನು ಹಂಚಿ, ಎಲ್ಲಿ ನಿಂತಿರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಎಂದೆ. ಮೊದಲ ವಾರ ಯಾರೂ ಏನನ್ನೂ ಬರೆಯಲಿಲ್ಲ. ಅರ್ಥವಾಗಲಿಲ್ಲ ಎಂದು ಬರೆದುಕೊಡುವುದು ಮೇಷ್ಟರ ಮುಂದೆ ದಡ್ಡತನವನ್ನು ಒಪ್ಪಿಕೊಂಡಂತೆ ಎಂದು ಅವರು ಭಾವಿಸಿದ್ದರು. ನನ್ನ ಒಂದು ಸಂಜೆ ಹಾಳಾದ ಕಥೆಯನ್ನು ಕರಿಹಲಗೆಯ ಮೇಲೆ ಬಿಡಿಸಿ ಹೇಳಿದ ಮೇಲೆ ನೋಟ್‌ಬುಕ್ಕುಗಳು ತುಂಬಿದವು. ಎರಡೂಮುಕ್ಕಾಲು ಎಕರೆಯ ಹುಡುಗನೇ ಅತಿ ಹೆಚ್ಚು ಗುರುತು ಹಾಕಿದ್ದ.

ಪುನರಾವರ್ತನೆಗಳನ್ನು ತೆಗೆದಾಗ ಹನ್ನೊಂದು ಅಂಶಗಳು ಉಳಿದವು. ಟೆಸ್ಟಿಂಗ್ ದಾಖಲೆಯೊಂದಿಗೆ ಹೋಲಿಸಿದಾಗ ನಾಲ್ಕು ಈಗಾಗಲೇ ಸರಿಯಾಗಿದ್ದವು, ಮೂರು ನಮ್ಮ ಕಂಪ್ಯೂಟರುಗಳ ತೊಂದರೆಗಳು. ಉಳಿದ ನಾಲ್ಕರಲ್ಲಿ ಮೂರನ್ನು ಇಶ್ಯೂಗಳಾಗಿ ತೆರೆದೆ. ವಲಯದ ಎರಡು ಸಾಲುಗಳನ್ನು ನಾನೇ ಬರೆದು ಪುಲ್ ರಿಕ್ವೆಸ್ಟ್ ಕಳುಹಿಸಿದೆ. ರೇಖಾಂಶಕ್ಕೆ 180 ಕೂಡಿಸಿ, 6ರಿಂದ ಭಾಗಿಸಿ, ದಶಾಂಶವನ್ನು ಬಿಟ್ಟು ಒಂದು ಕೂಡಿಸಿದರೆ ವಲಯದ ಸಂಖ್ಯೆ ಬರುತ್ತದೆ ಎಂಬ ಲೆಕ್ಕವನ್ನೂ ಸೇರಿಸಿದ್ದೆ. ಹನ್ನೆರಡನೆಯ ದಿನ ಪರಿಶೀಲಕರೊಬ್ಬರು ಬರೆದರು: ಲೆಕ್ಕ ಸರಿಯಿದೆ, ಆದರೆ ಪಾಠದ ನಡುವೆ ಸೂತ್ರ ಬಂದರೆ ಓದುಗನ ಓಟ ತಪ್ಪುತ್ತದೆ, ಅದನ್ನು ಪ್ರತ್ಯೇಕ ಟಿಪ್ಪಣಿಯ ಚೌಕದೊಳಗೆ ಇಡಬಹುದೇ ಎಂದು. ಪಾಠ ಮಾಡುವವಳಿಗೆ ಪಾಠ ಹೇಳಿದರಲ್ಲ ಎಂದು ಅರೆಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಮರುದಿನ ಓದಿದಾಗ ಅವರು ಹೇಳಿದ್ದೇ ಸರಿಯೆನಿಸಿ ಹಾಗೆಯೇ ಬದಲಾಯಿಸಿದೆ. ಈಗ ಅಂತಿಮ ಒಪ್ಪಿಗೆಗೆ ಕಾಯುತ್ತಿದ್ದೇನೆ.

ಕನ್ನಡದ ಎರಡು ಪುಟಗಳು ಮೂರಾಗಿವೆ. ಕರಡನ್ನು ಇಲ್ಲಿ ಲಗತ್ತಿಸಿದ್ದೇನೆ. ಒಂದು ಸಂದೇಹ ಉಳಿದಿದೆ: ಒಪ್ಪಿಗೆಯಾದರೂ ಅದು ಟೆಸ್ಟಿಂಗ್ ದಾಖಲೆಯಲ್ಲಿ ಮಾತ್ರ ಕಾಣಿಸುವುದೇ, ನಾವು ಬಳಸುವ ದೀರ್ಘಾವಧಿ ಆವೃತ್ತಿಯ ಕೈಪಿಡಿಗೂ ಬರುವುದೇ?


ಉತ್ತರ 4: ಚಿಕ್ಕಮಗಳೂರಿನಿಂದ, ಹಳೆಯ ದಾಖಲೆಗಾರ

ಮೊದಲು ಸೇರುವುದು ಮುಖ್ಯ ಶಾಖೆಗೆ, ಅಂದರೆ ಟೆಸ್ಟಿಂಗ್‌ಗೆ. ಹಳೆಯ ಆವೃತ್ತಿಗೂ ಅನ್ವಯಿಸುವ ತಿದ್ದುಪಡಿಯಾದರೆ ಬ್ಯಾಕ್‌ಪೋರ್ಟ್ ಎಂಬ ಗುರುತು ಹಚ್ಚುತ್ತಾರೆ, ಆಗ ಅದರ ಪ್ರತಿಯೊಂದು ಆ ಆವೃತ್ತಿಯ ಶಾಖೆಗೂ ಹೋಗುತ್ತದೆ. ನಿಮ್ಮದು ಆವೃತ್ತಿಗೆ ಅಂಟಿಕೊಳ್ಳದ ವಿಷಯ. ಪರಿಶೀಲಕರಿಗೆ ಒಂದು ಸಾಲಿನಲ್ಲಿ ಕೇಳಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಮೂರು ಪುಟವನ್ನು ಎರಡಕ್ಕೆ ಇಳಿಸಿ. ಪೀಠಿಕೆಯಲ್ಲಿ ತಂತ್ರಾಂಶದ ಇತಿಹಾಸ ಬರೆದಿದ್ದೀರಿ, ಅಳೆಯಲು ಕುಳಿತವರಿಗೆ ಅದು ಬೇಡ.


ಉತ್ತರ 5: ಮೂಡಿಗೆರೆ ಕಡೆಯ ಬೆಳೆಗಾರ

ಕರಡನ್ನು ಅಚ್ಚು ಹಾಕಿಸಿ ನಿನ್ನೆ ಮಳೆ ಬಿಟ್ಟ ಹೊತ್ತಿನಲ್ಲಿ ಕುಳಿತೆ. ಪೆನ್ಸಿಲ್ ಗುರುತು ಹಾಕಬೇಕೆಂದಿದ್ದೀರಿ, ಹಾಕಿದ್ದೇನೆ. ನಾಲ್ಕನೆಯ ಹೆಜ್ಜೆಯಲ್ಲಿ ಲೇಯರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಎಕ್ಸ್‌ಪೋರ್ಟ್ ಆರಿಸಿ ಎಂದು ಬರೆದಿದ್ದೀರಿ. ನಾನು ನಕ್ಷೆಯ ಮೇಲೆ ಕಾಣುವ ತಾಕಿನ ಮೇಲೆಯೇ ಒತ್ತುತ್ತ ಕುಳಿತೆ, ಅಲ್ಲಿ ಎಕ್ಸ್‌ಪೋರ್ಟ್ ಎಂಬುದೇ ಬರಲಿಲ್ಲ. ಮಗಳಿಗೆ ಫೋನು ಮಾಡಿದ ಮೇಲೆ ತಿಳಿಯಿತು, ಎಡಗಡೆಯ ಪಟ್ಟಿಯಲ್ಲಿರುವ ಹೆಸರಿನ ಮೇಲೆ ಒತ್ತಬೇಕಂತೆ. ಅದನ್ನು ಬರೆಯಿರಿ.

ವಲಯ 43 ಉತ್ತರ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದು ಒಳ್ಳೆಯದಾಯಿತು. ಲೆಕ್ಕ ಎರಡು ಎಕರೆ ಹನ್ನೊಂದು ಗುಂಟೆ ಬಂತು, ಪಹಣಿಗಿಂತ ಮೂರು ಗುಂಟೆ ಕಡಿಮೆ. ಉಪಗ್ರಹ ಚಿತ್ರದಲ್ಲಿ ಸಿಲ್ವರ್ ಓಕ್ ಮರಗಳ ತಲೆ ಕಾಣುತ್ತದೆಯೇ ಹೊರತು ಕೆಳಗಿನ ಬೇಲಿ ಕಾಣುವುದಿಲ್ಲ, ಗೆರೆಯನ್ನು ಅಂದಾಜಿನ ಮೇಲೆ ಎಳೆದಿದ್ದೇನೆ. ಆ ಮೂರು ಗುಂಟೆಗೆ ನಿಮ್ಮ ಕಾಗದವನ್ನು ದೂರುವುದಿಲ್ಲ.